ಅರ್ಧ ಸೂರಿಗೆ ಮಳೆ

ದರ್ಜಿ ಟೇಪಣ್ಣನಿಗೆ ಆ ಹೆಸರು ಬಂದದ್ದು ಅವನ ಕೊರಳಲ್ಲಿ ಸದಾ ನೇತಾಡುತ್ತಿದ್ದ ಅಳತೆ ಟೇಪಿನಿಂದ. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ತೆಗೆಯುತ್ತಿದ್ದ. ಮಲಗುವಾಗ ಹೆಂಡತಿ ಬೈದು ಕಿತ್ತುಕೊಳ್ಳಬೇಕಿತ್ತು. ಅವನ ಕಣ್ಣಿಗೆ ಲೋಕವೆಲ್ಲ ಅಳೆದು ಕತ್ತರಿಸಬೇಕಾದ ಬಟ್ಟೆಯೇ. ತಮ್ಮನ ಜೊತೆ ಜಗಳವಾಗಿ ಮನೆ ಪಾಲಾದಾಗ ಅವನು ಹಿರಿಯರನ್ನೂ ಕೂರಿಸಲಿಲ್ಲ, ವಕೀಲರನ್ನೂ ಕೇಳಲಿಲ್ಲ. ತಾನೇ ಟೇಪು ಹಿಡಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನಡುಮನೆಯ ನಡುವೆ ಗೆರೆ ಎಳೆದ. ಗೆರೆಯ ಮೇಲೆ ಗೋಡೆ ಎದ್ದಿತು. ಸೂರು ಮಾತ್ರ ಒಂದೇ ಉಳಿಯಿತು. ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಮಲಗಿದ್ದ ಹಂಚಿನ ಸೂರನ್ನು ಕತ್ತರಿಸುವ ಕತ್ತರಿ ಟೇಪಣ್ಣನ ಅಂಗಡಿಯಲ್ಲೂ ಇರಲಿಲ್ಲ.

ಜಗಳ ಯಾತಕ್ಕೆ ಅಂತ ಕೇಳಿದರೆ ನಗಬಾರದು. ಒಂದು ಪ್ಯಾಂಟಿಗೆ. ತಮ್ಮ ಬಸ್ಸು ಓಡಿಸುತ್ತಾನೆ. ಊರಿಗೆಲ್ಲ ಅವನು ಹಾರ್ನಪ್ಪ. ಕೆಲಸಕ್ಕೆ ಸೇರುವ ದಿನ ಅವನಿಗೆ ಖಾಕಿ ಪ್ಯಾಂಟು ಬೇಕಿತ್ತು. ಅಣ್ಣನಿಗೆ ಬಟ್ಟೆ ಕೊಟ್ಟ. ಅಣ್ಣ ಎಲ್ಲ ಗಿರಾಕಿಗಳಿಗೆ ಹೇಳುವ ಹಾಗೆ ಅವನಿಗೂ "ನಾಳೆ ಬಾ" ಅಂದ. ನಾಳೆ ಹೋದರೆ "ಕಾಜಾ ಒಂದು ಬಾಕಿ, ನಾಳೆ ಬಾ." ಒಂದೇ ಮನೆಯಲ್ಲಿದ್ದವನಿಗೆ ಬಾ ಅನ್ನುವುದೇನು, ಹೋಗು ಅನ್ನುವುದೇನು! ಕೊನೆಗೆ ಬೆಳಗಾದರೆ ಕೆಲಸಕ್ಕೆ ಹಾಜರಾಗಬೇಕು, ಪ್ಯಾಂಟಿಗೆ ಇನ್ನೂ ಒಂದು ಕಾಲೇ ಇರಲಿಲ್ಲ. ಹಾರ್ನಪ್ಪ ಪೇಟೆಗೆ ಹೋಗಿ ರೆಡಿಮೇಡ್ ಪ್ಯಾಂಟು ತಂದು ಹಾಕಿಕೊಂಡ.

ಅಯ್ಯೋ, ಆಕಾಶವೇ ಕಳಚಿ ಬಿತ್ತು. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಮೂಗು ಸೋರಿಸಿಕೊಂಡು ಓಡಾಡುವ ವಯಸ್ಸಿನವನು. ಅವನನ್ನು ಸಾಕಿ, ಓದಿಸಿ, ಮೈಮೇಲಿನ ಒಂದೊಂದು ಬಟ್ಟೆಯನ್ನೂ ತನ್ನ ಕೈಯಾರೆ ಹೊಲಿದು ತೊಡಿಸಿದವನು ಟೇಪಣ್ಣ. "ನಾನು ಹೊಲಿದ ಚಡ್ಡಿಯಲ್ಲಿ ಬೆಳೆದ ಕುಂಡೆ ಇವತ್ತು ಅಂಗಡಿ ಪ್ಯಾಂಟಿಗೆ ಹೋಯ್ತಲ್ಲೇ!" ಅಂತ ಹೆಂಡತಿಯ ಮುಂದೆ ಗೋಳಾಡಿದ. ತಮ್ಮನೂ ಬಿಸಿರಕ್ತದವನು, "ಊರವರ ಮುಂದೆ ಚಡ್ಡಿಯಲ್ಲೇ ಬಸ್ಸು ಓಡಿಸ್ಲಾ?" ಅಂದ. ಮಾತಿಗೆ ಮಾತು ಬೆಳೆಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಸುಮ್ಮನೆ ಹೇಳಿದ್ದಾರೆಯೇ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಅಂದರೆ ಸುಮ್ಮನಿದ್ದರು ಅಂತಲ್ಲ ಮತ್ತೆ. ಇಡೀ ದಿನ ಆಡುತ್ತಲೇ ಇರುತ್ತಿದ್ದರು, ಆದರೆ ಗೋಡೆಗೆ, ಬೆಕ್ಕಿಗೆ, ಬೀದಿಯ ಕಂಬಕ್ಕೆ. ಇಬ್ಬರ ಬಾಯಲ್ಲೂ ಇನ್ನೊಬ್ಬನ ಹೆಸರು "ಕೆಲವರು". "ಕೆಲವರು ಬೆಳಗಾಗೋ ಮುಂಚೆನೇ ಹೊಲಿಗೆ ಮಿಷನ್ನು ಕಟಕಟ ಅನ್ನಿಸ್ತಾರೆ," ಅಂತ ಹಾರ್ನಪ್ಪ ಬೆಕ್ಕಿಗೆ ಹೇಳುತ್ತಿದ್ದ. "ಕೆಲವರಿಗೆ ಬಸ್ಸು ಸಿಕ್ಕಿದ್ದೇ ತಡ, ವಿಮಾನ ಸಿಕ್ಕಿದ ಹಾಗೆ ಆಡ್ತಾರೆ," ಅಂತ ಟೇಪಣ್ಣ ಕಂಬಕ್ಕೆ ಹೇಳುತ್ತಿದ್ದ. ತಮ್ಮನ ಬಸ್ಸನ್ನಂತೂ ಅವನು ಹತ್ತುತ್ತಲೇ ಇರಲಿಲ್ಲ. ಪೇಟೆಗೆ ಹೋಗಬೇಕಾದರೆ ಬಿಸಿಲಲ್ಲಿ ನಡೆದೇ ಹೋಗುತ್ತಿದ್ದ. ಬಸ್ಸು ಪಕ್ಕದಲ್ಲಿ ಹಾದುಹೋದರೆ ಧೂಳು ಕುಡಿದು ಮುಂದೆ ಹೆಜ್ಜೆ ಹಾಕುತ್ತಿದ್ದ.

ವಾರಗಿತ್ತಿಯರಿಗೆ ಈ ಪಾಲುಪಟ್ಟಿಯ ಗೊಡವೆಯೇ ಇರಲಿಲ್ಲ. ಹಿತ್ತಲ ಬೇಲಿಯಲ್ಲಿ ಒಂದು ಗಳು ತೆಗೆದು ದಾರಿ ಮಾಡಿಕೊಂಡು ಅತ್ತಿಂದಿತ್ತ ಓಡಾಡಿಕೊಂಡಿದ್ದರು.

"ಒಂದು ಮಾತು ಆಡಿಬಿಡಿ ಅಂದ್ರೆ ನಿಮ್ಮ ಗಂಟೇನು ಹೋಗತ್ರೀ?" ಅಂತ ಹೆಂಡತಿ ಕೇಳಿದರೆ ಟೇಪಣ್ಣನ ಉತ್ತರ ಒಂದೇ: "ಅವನು ಬಾಯಿ ತೆಗೆದು ಅಣ್ಣಾ ಅನ್ನಲಿ. ಒಂದೇ ಒಂದು ಸಲ. ಅವತ್ತೇ ಗೋಡೆ ಒಡೆಸ್ತೀನಿ." ಇದು ಸುಳ್ಳಲ್ಲ. ಆ ಒಂದು ಕೂಗಿಗಾಗಿ ಅವನು ಎಷ್ಟು ಕಾಯುತ್ತಿದ್ದನೆಂದರೆ, ಸಂಜೆ ಬಸ್ಸಿನ ಸದ್ದು ಕೇಳಿದರೆ ಮಿಷನ್ನಿನ ಪೆಡಲ್ಲಿನ ಮೇಲೆ ಕಾಲು ತಾನಾಗಿ ನಿಲ್ಲುತ್ತಿತ್ತು. ತಮ್ಮ ಕಂಬಕ್ಕೆ ನಾಲ್ಕು ಮಾತು ಹೇಳಿ ಒಳಗೆ ಹೋಗುತ್ತಿದ್ದ. ಪೆಡಲ್ಲು ಮತ್ತೆ ತಿರುಗುತ್ತಿತ್ತು. ತಾನೇ ಮೊದಲು ಕೂಗುವುದೇ? ಉಂಟೇ! ಜೀವ ಹೋದರೂ ಇಲ್ಲ.

ಇಂಥ ಮನೆಗೆ ಯಂತ್ರ ಬಂತು.

ಬೀದಿಯ ಕೊನೆಯ ಮನೆ ಅವರದು, ಅದರ ತುದಿಯ ಕೋಣೆಯೇ ಟೇಪಣ್ಣನ ಅಂಗಡಿ. ಅದರಾಚೆ ಒಣಹುಲ್ಲಿನ ಗುಡ್ಡ. ಹಿಂದಿನ ಬೇಸಿಗೆಯಲ್ಲಿ ಗುಡ್ಡಕ್ಕೆ ಬಿದ್ದ ಬೆಂಕಿ ಕಲ್ಲುಕ್ವಾರಿಯವರೆಗೆ ಬಂದು ನಿಂತಿತ್ತು. ಆಮೇಲೆ ಊರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸೂರಿನ ಮೇಲೆ ಸ್ಪ್ರಿಂಕ್ಲರ್ ಹಾಕಿಸತೊಡಗಿದರು. ಅದನ್ನು ಕೂರಿಸಿ ಕೊಡುತ್ತಿದ್ದವಳು ಪೈಪಕ್ಕ. ಹೆಗಲ ಮೇಲೆ ಪೈಪಿನ ಸುರುಳಿ, ಬಾಯಲ್ಲಿ ಚಟಪಟ ಮಾತು. "ನೋಡಿ ಅಣ್ಣಾ, ಇದಕ್ಕೆ ಕಣ್ಣಿದೆ. ಕಿಡಿ ಹಾರಿ ಬರೋದು ಕಂಡ್ರೆ ಸಾಕು, ತಾನೇ ಪಂಪು ಶುರು ಮಾಡಿ ಸೂರನ್ನೆಲ್ಲ ನೆನೆಸಿಬಿಡತ್ತೆ. ನೀವು ಮನೇಲಿ ಇರಲೇಬೇಕು ಅಂತಿಲ್ಲ. ಬೆಂಕಿ ಬಂದ ಮೇಲೆ ಬಾವಿ ತೋಡೋ ಬದಲು, ಇದನ್ನ ಹಾಕಿಸ್ಕೊಂಡು ಹಾಯಾಗಿರಿ," ಅಂದಳು. ಸೂರು ನೋಡಿದಳು, ಲೆಕ್ಕ ಹಾಕಿದಳು. "ಉದ್ದಕ್ಕೂ ನಾಲ್ಕು ಬೇಕು. ಸುತ್ತಲೂ ತಿರುಗ್ತಾ ನೀರು ಹಾರಿಸ್ತವೆ."

"ಸುತ್ತಲೂ ಅಂದ್ರೆ?" ಟೇಪಣ್ಣನ ಕಿವಿ ನಿಮಿರಿತು. "ಗೆರೆಯಿಂದ ಆಚೆಗೂ?"

"ಯಾವ ಗೆರೆ?"

ಟೇಪಣ್ಣ ಅವಳನ್ನು ಏಣಿ ಹತ್ತಿಸಿ, ಸೂರಿನ ನೆತ್ತಿಯ ಮೇಲೆ ಟೇಪು ಹಿಡಿದು, ಒಂದು ಹಂಚಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ತೋರಿಸಿದ. "ಇಲ್ಲಿಂದ ಈ ಕಡೆಗೆ ನಂದು. ಆ ಕಡೆ ಕೆಲವರದ್ದು. ನನ್ನ ಟ್ಯಾಂಕಿನ ನೀರು ಒಂದು ಹನಿ ಆ ಕಡೆ ಬೀಳಕೂಡದು."

ಪೈಪಕ್ಕ ಅವನ ಮುಖವನ್ನೇ ನೋಡಿದಳು. "ಅಣ್ಣಾ, ಬೆಂಕಿಗೆ ಈ ಗೆರೆ ಕಾಣತ್ತಾ? ಆ ಕಡೆ ಹತ್ಕೊಂಡ್ರೆ ಈ ಕಡೆ ಉಳಿಯತ್ತಾ? ತಮ್ಮನವರನ್ನ ಕೇಳಿ, ಇಬ್ರೂ ಸೇರಿ ಹಾಕಿಸ್ಕೊಳ್ಳಿ."

"ಅವನೇ ಬಂದು ಕೇಳ್ಲಿ. ಬೇಡ ಅಂದೋರ್ಯಾರು? ಅಣ್ಣಾ, ನನ್ನ ಕಡೆಗೂ ಒಂಚೂರು ನೀರು ಬಿಡು ಅನ್ಲಿ. ಟ್ಯಾಂಕೇ ಕೊಡ್ತೀನಿ."

ಆಚೆ ಅಂಗಳದಲ್ಲಿ ಬಸ್ಸಿನ ಕನ್ನಡಿ ಒರೆಸುತ್ತಿದ್ದ ಹಾರ್ನಪ್ಪ ಬೆಕ್ಕಿನ ಕಡೆ ತಿರುಗಿ, "ಕೆಲವರ ನೀರಲ್ಲಿ ನೆನೆಯೋದಕ್ಕಿಂತ ಬೆಂದೇ ಹೋಗೋದು ಮೇಲು," ಅಂದ. ಬೆಕ್ಕು ಎದ್ದು ಹೋಯಿತು. ಅದಕ್ಕೂ ಸಾಕಾಗಿತ್ತೋ ಏನೋ.

ಸರಿ, ಎರಡೇ ಸ್ಪ್ರಿಂಕ್ಲರ್ ಕೂತವು. ಒಂದು ಟೇಪಣ್ಣನ ಪಾಲಿನ ನಡುವೆ, ಇನ್ನೊಂದು ಸರಿಯಾಗಿ ಗೆರೆಯ ಮೇಲೆ. ಗೆರೆಯ ಮೇಲಿನದು ಪೂರ್ತಿ ತಿರುಗದಂತೆ ಪೈಪಕ್ಕ ತಿರುಪು ಬಿಗಿದು ಅರ್ಧ ಸುತ್ತಿಗೆ ನಿಲ್ಲಿಸಿದಳು. ಪರೀಕ್ಷೆಯ ದಿನ ಗಾಳಿ ಅನ್ನುವುದು ಒಂದಿಷ್ಟೂ ಇರಲಿಲ್ಲ. ಪಂಪು ಗುರ್ ಅಂದಿತು, ನೀರು ಚಿಮ್ಮಿತು, ಅರ್ಧಕ್ಕೆ ತಿರುಗಿ ಟಕ್ ಅಂತ ವಾಪಸು ಬಂತು. ಟೇಪಣ್ಣ ಏಣಿಯ ಮೇಲೆ ನಿಂತು ನೋಡಿದ. ಈ ಕಡೆಯ ಹಂಚು ಕೆಂಪಗೆ ಮಿರುಗುತ್ತಿದೆ, ಆ ಕಡೆಯದು ಬೂದಿ ಬಣ್ಣಕ್ಕೆ ಒಣಗಿ ಕೂತಿದೆ. ನಡುವೆ ಗೆರೆ ಅಂದರೆ ಗೆರೆ! "ಆಹಾ, ಏನು ಫಿಟ್ಟಿಂಗು!" ಅಂದ. ಜೀವಮಾನದಲ್ಲಿ ಯಾವ ಪ್ಯಾಂಟನ್ನೂ ಅವನು ಇಷ್ಟು ನೇರವಾಗಿ ಕತ್ತರಿಸಿರಲಿಲ್ಲ, ಇಷ್ಟು ಬೇಗ ಮುಗಿಸಿಯೂ ಇರಲಿಲ್ಲ.

ಕೆಳಗೆ ನೋಡಿದರೆ ಹಾರ್ನಪ್ಪ ತನ್ನ ಅಂಗಳದಲ್ಲಿ ಸುಡುಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿ ಹಿಡಿದು ಕೂತಿದ್ದ. ಒಂದು ಹನಿ ಬಿದ್ದರೂ ರಂಪ ಮಾಡುವುದಕ್ಕೆ. ಬೀಳಲಿಲ್ಲ. ಅವನಿಗೂ ಬೇಜಾರೇ ಆದಂತಿತ್ತು.

ಬೇಸಿಗೆ ಬಲಿಯಿತು. ಒಂದು ಮಧ್ಯಾಹ್ನ ಗುಡ್ಡದಾಚೆಯಿಂದ ಕಂದುಬಣ್ಣದ ಹೊಗೆ ಎದ್ದಿತು. ಹುಚ್ಚುಗಾಳಿ ಬೇರೆ. ಅಂಗಡಿಯ ಬೋರ್ಡು ಪಟಪಟ ಬಡಿದುಕೊಳ್ಳತೊಡಗಿತು. ಅಗ್ನಿಶಾಮಕದವರ ಜೀಪು ಬೀದಿಯಲ್ಲಿ ಕೂಗಿಕೊಂಡು ಬಂತು: ಎಲ್ಲರೂ ಮನೆ ಬಿಟ್ಟು ಶಾಲೆಯ ಮೈದಾನಕ್ಕೆ ಹೋಗಿ, ಬಸ್ಸು ಬರುತ್ತದೆ.

ಬಸ್ಸು ಬಂತು. ಓಡಿಸುತ್ತಿದ್ದವನು ಮತ್ಯಾರು, ಹಾರ್ನಪ್ಪ. ಬೀದಿಯ ಜನ ಗಂಟುಮೂಟೆ ಹೊತ್ತು ಹತ್ತಿದರು. ತಮ್ಮನ ಹೆಂಡತಿ ಹತ್ತಿದಳು. ಟೇಪಣ್ಣನ ಹೆಂಡತಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಿಂದೆ ತಿರುಗಿದಳು. ಗಂಡ ಅಂಗಡಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

"ಬನ್ರೀ!"

"ನೀನು ಹೋಗು. ನನಗೇನೂ ಆಗಲ್ಲ, ಯಂತ್ರ ಇದೆ."

"ಯಂತ್ರದ ಮನೆ ಹಾಳಾಗ! ಜೀವಕ್ಕಿಂತ ಹೆಚ್ಚೇನ್ರೀ ನಿಮ್ಮ ಹಟ?"

"ನಾನು ಆ ಬಸ್ಸು ಹತ್ತಲ್ಲ ಅಂದ್ರೆ ಹತ್ತಲ್ಲ. ಹತ್ತಬೇಕು ಅಂದ್ರೆ ಕರೆಯೋರು ಸರಿಯಾಗಿ ಕರೀಲಿ."

ಹಾರ್ನಪ್ಪ ಕರೆದ, ಆದರೆ ಬಾಯಲ್ಲಲ್ಲ. ಹಾರ್ನ್ ಒತ್ತಿದ. ಸಣ್ಣಗೆ ಒತ್ತಿದ, ಉದ್ದಕ್ಕೆ ಒತ್ತಿದ, ಕೊನೆಗೆ ಕೈ ತೆಗೆಯದೆ ಒತ್ತಿ ಹಿಡಿದ. ಬಸ್ಸಿನಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಟೇಪಣ್ಣ ಆಕಾಶ ನೋಡಿದ. "ಕೆಲವರಿಗೆ ಬಾಯಿ ಬಿದ್ದುಹೋಗಿದೆ ಅಂತ ಕಾಣತ್ತೆ," ಅಂತ ಕಂಬಕ್ಕೆ ಹೇಳಿದ. ವಾರಗಿತ್ತಿ ಅಕ್ಕನ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಬಸ್ಸು ಹೊರಟಿತು. ಹೆಂಡತಿ ಕಿಟಕಿಯಿಂದ ಬಯ್ಯುತ್ತಿದ್ದದ್ದು ತಿರುವಿನವರೆಗೂ ಕೇಳಿಸಿತು.

ಬೀದಿ ಖಾಲಿಯಾಯಿತು. ಆಗ ಟೇಪಣ್ಣನಿಗೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಬೇಕು, ಬಸ್ಸು ಹೋದ ತಿರುವಿನ ಕಡೆ ಎರಡು ಸಲ ಇಣುಕಿ ನೋಡಿದ. ಗುಡ್ಡದ ಇಳಿಜಾರಿನಲ್ಲಿ ಬೆಂಕಿಯ ಸಾಲು ಕಾಣಿಸಿತು, ಮೊದಲ ಕಿಡಿಗಳು ಗಾಳಿಯಲ್ಲಿ ತೇಲಿ ಬಂದವು. ಅಷ್ಟರಲ್ಲಿ ಪಂಪು ತಾನಾಗಿ ಗುರ್ ಅಂದಿತು. "ಅಬ್ಬಾ, ನನ್ನಪ್ಪಾ!" ಅಂತ ಟೇಪಣ್ಣ ಯಂತ್ರಕ್ಕೆ ಕೈಮುಗಿದು ಅಂಗಳಕ್ಕೆ ಓಡಿಬಂದು ತಲೆಯೆತ್ತಿದ.

ನೋಡುತ್ತಾನೆ, ನೀರು ಚಿಮ್ಮುತ್ತಿದೆ ಸರಿ. ಆದರೆ ಗುಡ್ಡದ ಕಡೆಯಿಂದ ಬೀಸುತ್ತಿದ್ದ ಗಾಳಿ ಅದನ್ನು ಅಲ್ಲಿಂದಲ್ಲಿಗೇ ಎತ್ತಿಕೊಂಡು ಹೋಗಿ ಗೆರೆಯಾಚೆ ಸುರಿಯುತ್ತಿದೆ! ಹಾರ್ನಪ್ಪನ ಹಂಚು ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಅವನ ಸೂರಿನಂಚಿನಿಂದ ನೀರು ಧಾರೆಯಾಗಿ ಸುರಿದು ಅಂಗಳದಲ್ಲಿ ಹೊಂಡ ಕಟ್ಟುತ್ತಿತ್ತು. ಟೇಪಣ್ಣನ ಪಾಲಿನಲ್ಲಿ, ಅದರಲ್ಲೂ ಗುಡ್ಡದ ಮಗ್ಗುಲಿಗಿದ್ದ ಅಂಗಡಿಯ ಸೂರಿನ ಮೇಲೆ, ಒಂದು ತೊಟ್ಟು ಬಿದ್ದಿದ್ದರೆ ಕೇಳಿ.

ಈಗ ಬುದ್ಧಿ ಇರುವ ಮನುಷ್ಯ ಏನು ಮಾಡಬೇಕು? ಓಡಬೇಕು, ಇಲ್ಲವೇ ಕೊಡ ಹಿಡಿಯಬೇಕು. ಟೇಪಣ್ಣ ಏನು ಮಾಡಿದ ಗೊತ್ತೇ? "ನನ್ನ ನೀರು! ಅಯ್ಯೋ ನನ್ನ ನೀರು!" ಅಂತ ಕಿರುಚಿಕೊಂಡು ಪಂಪು ನಿಲ್ಲಿಸಲು ಓಡಿದ. ಹೌದು ಸ್ವಾಮಿ, ಬೆಂಕಿ ಬೆನ್ನ ಹಿಂದಿರುವಾಗ. ಪೈಪಕ್ಕ ಗೋಡೆಗೆ ಕೂರಿಸಿದ್ದ ಪಂಪಿನ ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿದ. ಪೆಟ್ಟಿಗೆಯೊಳಗಿನ ಹೆಂಗಸು ತಣ್ಣಗೆ, ಪುಸ್ತಕ ಓದಿದ ಹಾಗೆ ಹೇಳಿದಳು: "ಅಪಾಯವು ಮುಂದುವರಿದಿದೆ. ನೀರನ್ನು ನಿಲ್ಲಿಸಲಾಗದು. ದಯವಿಟ್ಟು ಸ್ಥಳವನ್ನು ತೆರವುಗೊಳಿಸಿ."

"ನಿಲ್ಸಮ್ಮಾ! ಎಲ್ಲಾ ಅವನಿಗೇ ಹೋಗ್ತಿದೆ!"

"ಅಪಾಯವು ಮುಂದುವರಿದಿದೆ."

ಟೇಪಣ್ಣ ಗುಂಡಿಯನ್ನು ಗುದ್ದಿದ, ಪೆಟ್ಟಿಗೆಗೆ ಬಾಯಿಗೆ ಬಂದಂತೆ ಬೈದ. ಅವಳು ಮಾತ್ರ ಮರ್ಯಾದೆ ಬಿಡಲಿಲ್ಲ. ಅಷ್ಟರಲ್ಲಿ ಮೂಗಿಗೆ ಕಮರು ವಾಸನೆ ಬಡಿಯಿತು. ಅಂಗಡಿಯ ಸೂರಿನಂಚಿನಲ್ಲಿ, ಒಣಎಲೆ ತುಂಬಿದ್ದ, ಮಳೆನೀರು ಹರಿಯುವ ತಗಡಿನ ಕಾಲುವೆಯಿಂದ ಹೊಗೆ ಏಳುತ್ತಿತ್ತು. ಅದರ ಕೆಳಗೇ ಬಟ್ಟೆಯ ರಾಶಿ, ಹಳೆಯ ಮರದ ತೊಲೆಗಳು. ಒಂದು ತೊಲೆ ಹಿಡಿದರೆ ಮುಗಿಯಿತು, ಇಡೀ ಸೂರು, ಗೆರೆಯ ಈಚೆಯದೂ ಆಚೆಯದೂ. ಟೇಪಣ್ಣನಿಗೆ ಏನೂ ತೋಚಲಿಲ್ಲ. ಅಂಗಳದಲ್ಲಿ ನಿಂತು ಬಾಯಿಬಿಟ್ಟು ನೋಡಿದ. ಇಷ್ಟಗಲದ ಸೂರಿನ ಕೆಳಗೆ ಕೂಗಿ ಕರೆಯಲು ಒಬ್ಬನೂ ಇಲ್ಲ.

ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು.

ಖಾಲಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ಅಂಗಡಿಯ ಮುಂದೆ ಕಿರ್ರೆಂದು ನಿಂತಿತು. ಹಾರ್ನಪ್ಪ ಜಿಗಿದಿಳಿದ. ಅಣ್ಣನ ಮುಖ ನೋಡಲಿಲ್ಲ. ತನ್ನ ಅಂಗಳದ ಹೊಂಡದಲ್ಲಿ ಒಂದು ಗೋಣಿಚೀಲ ಅದ್ದಿ ಹೆಗಲಿಗೆ ಹಾಕಿಕೊಂಡು ಏಣಿ ತಂದು ಒರಗಿಸಿದ. ಹತ್ತುತ್ತಾ ಗಾಳಿಗೆ ಹೇಳಿದ, "ಏಣಿ ಹಿಡ್ಕೊಳ್ಳೋದಾದ್ರೂ ಕೆಲವರಿಗೆ ಬರತ್ತೋ ಇಲ್ವೋ!"

ಟೇಪಣ್ಣ ಓಡಿಹೋಗಿ ಏಣಿ ಹಿಡಿದುಕೊಂಡ. "ಬೂಟು ಹಾಕ್ಕೊಂಡು ಹಂಚು ಹತ್ತಿದ್ರೆ ಕೆಲವರು ಜಾರಿ ಬೀಳ್ತಾರೆ!" ಅಂತ ಏಣಿಗೆ ಹೇಳಿದ.

"ಬಿದ್ರೆ ಕೆಲವರಿಗೇನಂತೆ?"

"ಬಿದ್ರೆ ಕೆಲವರ ಹಂಚು ಒಡೆಯತ್ತಂತೆ!"

ಹಾರ್ನಪ್ಪ ಸೂರಿನಂಚಿಗೆ ಬಗ್ಗಿ ಹಸಿ ಗೋಣಿಯಿಂದ ಚಟೀರ್ ಚಟೀರ್ ಅಂತ ಬಡಿದ. ಉರಿಯುತ್ತಿದ್ದ ಎಲೆಗಳನ್ನು ಕೈಯಿಂದಲೇ ಬಾಚಿ ಕೆಳಗೆಸೆದ. ಟೇಪಣ್ಣ ಅವನ್ನು ಕಾಲಲ್ಲಿ ತುಳಿದ. ಮೇಲಕ್ಕೊಂದು ಹೊಸ ಕಿಡಿ ಹಾರಿ ಹಂಚಿನ ಸಂದಿನಲ್ಲಿ ಕೂತಿತು. ಹಾರ್ನಪ್ಪ ಅದರ ಕಡೆ ನುಗ್ಗಿದ. ಕಾಲಡಿಯ ಹಂಚು ಲಟಕ್ಕೆಂದಿತು. ಜಾರಿದ. ಎರಡು ಕಾಲೂ ಸೂರಿನಿಂದಾಚೆ ನೇತಾಡಿದವು.

"ಪುಟ್ಟಾ!"

ಟೇಪಣ್ಣನ ಗಂಟಲಿನಿಂದ ಅದು ಹೇಗೆ ಹೊರಟಿತೋ ಅವನಿಗೇ ಗೊತ್ತಿಲ್ಲ. ತಮ್ಮ ಮೀಸೆ ಬಂದವನಾದ ಮೇಲೆ ಯಾರೂ ಕರೆಯದ ಹೆಸರು ಅದು. "ಪುಟ್ಟಾ, ಹಿಡ್ಕೊಳ್ಳೋ! ಬಿಡಬೇಡ್ವೋ! ಬಂದೆ ತಡೀ, ಅಯ್ಯೋ ನನ್ನ ಕಂದಾ, ಬಂದೆ!" ಅನ್ನುತ್ತಾ, ಒಂದೊಂದು ಮೆಟ್ಟಿಲನ್ನೂ ಅಳೆದಂತೆ ಏಣಿ ಹತ್ತುವ ಮನುಷ್ಯ ದಡದಡ ಹತ್ತಿ, ತಮ್ಮನ ರಟ್ಟೆ ಹಿಡಿದು ಎಳೆದ. ಖಾಕಿ ಅಂಗಿ ಹರಿಯಿತು. ತಮ್ಮ ಮೇಲೆ ಬಂದ. ಇಬ್ಬರೂ ಹಂಚಿನ ಮೇಲೆ ಬಿದ್ದುಕೊಂಡು ಏದುಸಿರು ಬಿಟ್ಟರು. ಯಾರು ಮೊದಲು ಮಾತಾಡಿದರು ಅನ್ನುವ ಲೆಕ್ಕ ಟೇಪಣ್ಣನ ತಲೆಗೆ ಬರಲೇ ಇಲ್ಲ.

ಆಮೇಲೆ ಪುರಸೊತ್ತೆಲ್ಲಿ? "ಅಲ್ಲಲ್ವೋ ಕತ್ತೆ, ಎಡಕ್ಕೆ, ಎಡಕ್ಕೆ!" "ಕಾಣ್ತಿದೆ ಕಣಣ್ಣಾ, ನೀನು ಮೊದ್ಲು ಆ ಸಂದಿ ನೋಡು!" ಅಂತ ಕಿರುಚಾಡಿಕೊಂಡು ಒಬ್ಬ ಗೋಣಿಯಲ್ಲಿ, ಇನ್ನೊಬ್ಬ ತನ್ನ ಅಂಗಿ ಬಿಚ್ಚಿ ಒದ್ದೆ ಮಾಡಿಕೊಂಡು, ಕಿಡಿ ಕಂಡಲ್ಲೆಲ್ಲ ಬಡಿದರು. ಟೇಪಣ್ಣ ಸೂರಿನ ನೆತ್ತಿಯ ಮೇಲಿನ ಸ್ಪ್ರಿಂಕ್ಲರನ್ನು ಕೈಯಿಂದ ಅಡ್ಡಹಿಡಿದು ಒಣ ಹಂಚಿನ ಕಡೆ ನೀರು ತಿರುಗಿಸಿದ. ಅದು ಮುಖಕ್ಕೇ ರಪ್ಪೆಂದು ಹೊಡೆಯಿತು. ಬೀದಿಯ ಕೊನೆಗೆ ಅಗ್ನಿಶಾಮಕದ ಎರಡು ಗಾಡಿಗಳು ಬಂದು ಗುಡ್ಡದ ಬುಡದಲ್ಲಿ ಬೆಂಕಿಯ ಸಾಲನ್ನು ತಡೆದು ನಿಲ್ಲಿಸಿದವು. ಕಿಡಿ ಹಾರುವುದು ಕಡಿಮೆಯಾಯಿತು. ಅವರಲ್ಲೊಬ್ಬ ಕೆಳಗಿನಿಂದ, "ಯಾರ್ರೀ ಅದು ಮೇಲೆ, ತಲೆ ಕೆಟ್ಟಿದೆಯಾ?" ಅಂತ ಕೂಗಿದ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಗಾಳಿ ಇಳಿಯುತ್ತಾ ಬಂದಿತ್ತು. ಪೆಟ್ಟಿಗೆಯ ಹೆಂಗಸು ಮಾತ್ರ ಇನ್ನೂ ಅಪಾಯವು ಮುಂದುವರಿದಿದೆ ಅನ್ನುತ್ತಲೇ ಇದ್ದಳು. ತಣ್ಣನೆಯ ತುಂತುರು ಇಬ್ಬರ ಮೇಲೂ ಬೀಳುತ್ತಿತ್ತು. ಟೇಪಣ್ಣ ತಮ್ಮನ ಅಂಗೈ ಎಳೆದು ನೋಡಿದ. ಬೊಬ್ಬೆ ಎದ್ದಿದ್ದವು.

"ನೀನ್ಯಾಕೋ ಬಂದೆ?" ಅಂದ. ಬಯ್ಯಬೇಕು ಅಂತಿದ್ದ, ದನಿ ಬೇರೆಯೇ ಬಂತು. "ನಿನ್ನ ಕಡೆ ಚೆನ್ನಾಗಿ ನೆನೆದಿತ್ತಲ್ಲೋ."

"ನಂಗೇನು ಗೊತ್ತಿತ್ತು ಅದು? ಮೈದಾನದಲ್ಲಿ ಎಲ್ಲರನ್ನೂ ಇಳಿಸಿ ತಲೆ ಎಣಿಸಿದೆ," ಅಂದ ಹಾರ್ನಪ್ಪ, ಗುಡ್ಡದ ಕಡೆ ನೋಡುತ್ತಾ. "ಒಂದು ಕಮ್ಮಿ ಇತ್ತು."

ಟೇಪಣ್ಣನಿಗೆ ತಡೆಯಲಾಗಲಿಲ್ಲ. ಸೂರಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಊರಿಗೆ ಕೇಳುವಂತೆ ಗೊಳೋ ಅಂತ ಅತ್ತ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅತ್ತ, ಪಂಪು ನಿಲ್ಲಿಸಲು ಓಡಿದ್ದಕ್ಕೆ ಅತ್ತ, ಆ ಕೈಯ ಬೊಬ್ಬೆ ನೋಡಿ ಇನ್ನಷ್ಟು ಅತ್ತ. ಹಾರ್ನಪ್ಪ ಒದ್ದೆ ಗೋಣಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಅಣ್ಣನ ಪಕ್ಕ ಒತ್ತಿಕೊಂಡು ಕೂತ. ಮೂಗೊರೆಸಿಕೊಂಡು ಅಂದ:

"ಅಳೋದಾದ್ರೆ ಆ ಕಡೆ ತಿರುಗಿ ಅಳಣ್ಣಾ. ಅಂಗಡಿ ಸೂರಲ್ಲಿ ಇನ್ನೂ ಹೊಗೆ ಬರ್ತಿದೆ."